ಸಂತೆಯ ಕಾಯಿಪಲ್ಯವೋ, ಪಾಲಿನ ತೋಟವೋ?

ರಾಯಚೂರಿನಲ್ಲಿ ಕಾಯಿಪಲ್ಯಕ್ಕೆ ಸಂತೆ ಸಾಕಾ, ರೈತರ ಬೆಳೆಗೆ ಪಾಲು ಹಣ ಹಾಕಿ ಸದಸ್ಯರೇ ಕಿತ್ತುಕೊಳ್ಳುವ ಪಾಲಿನ ತೋಟಕ್ಕೆ ಸೇರಬೇಕಾ?

ಸಂತೆ ಸುಲಭ. ಬೇಕಾದ್ದನ್ನು ಬೇಕಾದಷ್ಟೇ ತರಬಹುದು.

ಪಾಲಿನ ತೋಟದಲ್ಲಿ ಹಂಗಾಮಿನ ಹಣ ಮೊದಲೇ ಕಟ್ಟಬೇಕು. ಬೆಳೆ ಕೈಕೊಟ್ಟರೆ ರೈತರ ಜೊತೆ ನಷ್ಟ ನಮ್ಮದೂ. ಅದು ನ್ಯಾಯವೇ, ಅಲ್ವಾ? ಕಷ್ಟ ಇರುವುದು ಬೆಂಡೆಕಾಯಿಯಲ್ಲಿ. ಎರಡು ಮೂರು ದಿನಕ್ಕೊಮ್ಮೆ ಕೀಳದಿದ್ದರೆ ಬಲಿತು ನಾರಾಗುತ್ತದೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಗ್ಗೆ ಬೇಗನೇ ಕಿತ್ತು ಮುಗಿಸಬೇಕು. ಆಗ ಸೊಪ್ಪು ಕಮ್ಮಿ, ಚವಳಿಕಾಯಿ (ಗೋರಿಕಾಯಿ) ತಾಳುತ್ತದೆ.

ವಾರಕ್ಕೆ ಎರಡು ಮೂರು ಬೆಳಗ್ಗೆ ಬಿಡುವಿದ್ದರೆ ನಾನಂತೂ ತೋಟ ಅನ್ನುತ್ತೇನೆ. ಆಗಷ್ಟೇ ಕಿತ್ತ ಎಳೆ ಬದನೆಯ ಎಣ್ಣೆಗಾಯಿಯನ್ನು ಜೋಳದ ರೊಟ್ಟಿ ಜೊತೆ ತಿಂದವರಿಗೆ ಗೊತ್ತು ಆ ರುಚಿ. ಬಿಡುವಿಲ್ಲದಿದ್ದರೆ ಸುಮ್ನೆ ಹಣ ಕಟ್ಟಬೇಡಿ. ಸಂತೆಗೇ ಹೋಗಿ, ಆದರೆ ಬಿಸಿಲೇರುವ ಮೊದಲು.