ಸೆಲ್ವಿಜಿಯೋ ನೋಡಿ ಬಂದೆ: ಸ್ಲೈಡು ಓದುವವಳ ಅಭಿಪ್ರಾಯ

ಕರುಳಿನ ಬಯಾಪ್ಸಿ ಸ್ಲೈಡು ನೋಡಲು ಶುರುಮಾಡಿ ನನಗೆ ಹತ್ತೊಂಬತ್ತು ವರ್ಷ. ಎಂಡೋಸ್ಕೋಪಿ ಕೋಣೆಗೆ ಸೆಲ್ವಿಜಿಯೋ ಬಂದಿದೆ, ಬನ್ನಿ ಮೇಡಂ ಎಂದು ಕರೆದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಹೋದೆ. ಚೂರು ಕೊಯ್ಯದೆ ಕರುಳಿನ ಒಳಪದರವನ್ನು ಅಲ್ಲೇ ಹಿಗ್ಗಿಸಿ ತೋರಿಸುವ ಸೂಕ್ಷ್ಮದರ್ಶಕ, ಪ್ಯಾರಿಸ್ಸಿನ ಮೌನಾ ಕಿಯಾ ಕಂಪನಿಯ ಯಂತ್ರ ಇದು. ದೊಡ್ಡ ಕರುಳು ನೋಡುವ ನಳಿಕೆ ಕೊಲೊನೋಸ್ಕೋಪಿನೊಳಗೆ ತೂರಿಸುವ ತೆಳ್ಳನೆಯ ಪ್ರೋಬು, ತುದಿಯಲ್ಲಿ ನೀಲಿ ಲೇಸರ್.

ರೋಗಿಯ ನರಕ್ಕೆ 10% ಫ್ಲೋರೆಸಿನ್ ಕೊಟ್ಟರು. ಕಣ್ಣಿನ ಡಾಕ್ಟರು ರೆಟಿನಾ ನೋಡಲು ಬಳಸುತ್ತಾರಲ್ಲ, ಅದೇ ಹಳದಿ ಬಣ್ಣ. ಸ್ವಲ್ಪ ಹೊತ್ತಿಗೇ ಪರದೆ ಬೆಳಗಿತು. ನಮ್ಮ ಸ್ಲೈಡಿನ ಗುಲಾಬಿ, ನೇರಳೆ ಏನೂ ಇಲ್ಲ, ಬರೀ ಬೂದು. ಆದರೆ ಚಕ್ಕುಲಿ ಒರಳಿನ ಬಿಲ್ಲೆಯಂತೆ ಕರುಳಿನ ಒಳಪದರದ ಸಣ್ಣ ಗುಳಿಗಳಾದ ಕ್ರಿಪ್ಟುಗಳ ದುಂಡು ಬಾಯಿಗಳು ಒತ್ತೊತ್ತಾಗಿ ಕಂಡವು. ನಡುವಿನ ಸಣ್ಣ ರಕ್ತನಾಳದಲ್ಲಿ ಕಣಗಳು ಓಡುತ್ತಿದ್ದವು! ನಾನು ಇಷ್ಟು ವರ್ಷ ನೋಡಿದ್ದೆಲ್ಲ ಚೂರು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ನಿಂತುಹೋದ ರಕ್ತ. ಮೈ ಜುಮ್ಮೆಂದಿತು.

ನಮ್ಮ ಸ್ಲೈಡಿನಲ್ಲಿ ಕ್ರಿಪ್ಟುಗಳು ಸಾಲಾಗಿ ನಿಲ್ಲಿಸಿದ ಟೆಸ್ಟ್ ಟ್ಯೂಬುಗಳು. ಇಲ್ಲಿ ನೋಟ ಮೇಲಿನಿಂದ. ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು.

ಆಮೇಲೆ ಒಂದು ಪಾಲಿಪ್‌ಗೆ, ಅಂದರೆ ಕರುಳೊಳಗಿನ ಗಂಟಿಗೆ, ಪ್ರೋಬು ತಾಗಿಸಿದರು. ದುಂಡು ಬಾಯಿಗಳು ಮಾಯ. ಉದ್ದುದ್ದ ಬೆರಳಿನಂಥ ಆಕಾರ, ದಪ್ಪ ಕಪ್ಪು ಅಂಚು. ‘ಅಡಿನೋಮಾ ಅಲ್ವಾ ಮೇಡಂ?’ ಎಂದರು. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು ಅದು. ಹಾಗೇ ಕಾಣುತ್ತೆ ಎಂದೆ. ಮೂರನೇ ದಿನ ಸ್ಲೈಡೂ ಅದನ್ನೇ ಹೇಳಿತು.

2004ರಲ್ಲಿ ಜರ್ಮನಿಯ ಮೈನ್ಜ್‌ನಲ್ಲಿ ಕೀಸ್ಲಿಕ್ ಎಂಬ ವೈದ್ಯರ ತಂಡ ಇದೇ ಬಗೆಯ ಲೇಸರ್ ಸೂಕ್ಷ್ಮದರ್ಶಕದಿಂದ ಕರುಳಿನ 390 ಜಾಗ ನೋಡಿ, ಬಯಾಪ್ಸಿಗೆ ಹೋಲಿಸಿ 99.2% ನಿಖರತೆ ತೋರಿಸಿತ್ತು. ಅದು ಸ್ಕೋಪಿನೊಳಗೇ ಕೂಡಿಸಿದ ಬೇರೆ ಯಂತ್ರ, 250 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಆಳದವರೆಗೆ ನೋಡುತ್ತಿತ್ತು. ಈ ಪ್ರೋಬಿಗೆ ಕಾಣುವುದು ಸುಮಾರು 60 ಮೈಕ್ರಾನ್ ಆಳದ ಒಂದೇ ಪದರ. ಅಗಲ 240 ಮೈಕ್ರಾನ್, ಕಾಲು ಮಿಲಿಮೀಟರೂ ಇಲ್ಲ. ಫ್ಲೋರೆಸಿನ್ ಜೀವಕೋಶದ ನಡುವಿನ ನ್ಯೂಕ್ಲಿಯಸ್ಸಿಗೆ ಹಿಡಿಯುವುದಿಲ್ಲ. ನ್ಯೂಕ್ಲಿಯಸ್ ನೋಡದೆ ಜೀವಕೋಶ ಎಷ್ಟು ಕೆಟ್ಟಿದೆ ಎಂಬ ಗ್ರೇಡ್ ನಾನು ಹೇಗೆ ಹೇಳಲಿ? ಕ್ಯಾನ್ಸರ್ ಕೆಳಗಿನ ಪದರಕ್ಕೆ ಇಳಿದಿದೆಯೇ ಎಂದು ಹೇಳಲು 4 ಮೈಕ್ರಾನ್ ತೆಳ್ಳಗೆ ಕೊಯ್ದು, ಹೆಮಟಾಕ್ಸಿಲಿನ್-ಇಯೊಸಿನ್ ಬಣ್ಣ ಹಾಕಿದ ಸ್ಲೈಡೇ ಬೇಕು.

ಆದರೂ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ದೀರ್ಘಕಾಲದ ಉರಿಯೂತ) ರೋಗಿಗಳನ್ನು ಕ್ಯಾನ್ಸರ್ ಬರುತ್ತಿದೆಯೇ ಎಂದು ವರ್ಷಗಟ್ಟಲೆ ನೋಡಿಕೊಳ್ಳುವ ದೊಡ್ಡ ಕೇಂದ್ರಗಳು ಇದನ್ನು ತರಿಸಿಕೊಳ್ಳಲಿ. ಕರುಳಿನ ಪ್ರತಿ ಹತ್ತು ಸೆಂಟಿಮೀಟರಿಗೆ ನಾಲ್ಕರಂತೆ ಸುಮ್ನೆ ಚೂರು ತೆಗೆಯುವ ಬದಲು ಅನುಮಾನ ಬಂದ ಕಡೆಯೇ ತೆಗೆಯಬಹುದು. ನನ್ನ ಟೇಬಲಿಗೆ ಮೂವತ್ತು ಚೂರಿಗಿಂತ ಸರಿಯಾದ ಐದು ಬಂದರೆ ಜಾಸ್ತಿ ಉಪಯೋಗ. ಪರದೆಯ ಮುಂದೆ ಸ್ಲೈಡು ಓದುವ ನಮ್ಮಂಥ ಪೆಥಾಲಜಿಸ್ಟರನ್ನೂ ಕೂರಿಸಿಕೊಳ್ಳಿ.

ಮೈ, ಮೂತ್ರ ಸ್ವಲ್ಪ ಹೊತ್ತು ಹಳದಿಯಾಗುತ್ತೆ ಎಂದು ರೋಗಿಗೆ ಮೊದಲೇ ಹೇಳಿ. ಅವತ್ತು ಯಾರೂ ಹೇಳಿರಲಿಲ್ಲ. ಕಾಮಾಲೆ ಬಂತೆಂದು ಆ ಅಜ್ಜಿ ಅತ್ತುಬಿಟ್ಟರು.