ಸಮುದ್ರ ಮಟ್ಟಕ್ಕೆ ಯಾವ ಉಪಗ್ರಹದ ಡೇಟಾ? ಆಲ್ಟಿಮೀಟರ್, ಗ್ರೇಸ್, ಗೋಚೆ ಹೋಲಿಸಿ ನೋಡಿದಾಗ

ಕಾರವಾರ, ಮಂಗಳೂರಿನ ಮುಂದಿನ ಅರಬ್ಬೀ ಸಮುದ್ರಕ್ಕೆ ಮೊದಲು ಆಲ್ಟಿಮೀಟರ್ ಡೇಟಾ ಹಾಕಿ ನೋಡಿದೆ, ಆಮೇಲೆ ಗುರುತ್ವ ಅಳೆಯುತ್ತಿದ್ದ ಗ್ರೇಸ್ ಉಪಗ್ರಹಗಳ ಡೇಟಾ. ಎರಡೂ ಉಚಿತವಾಗಿ ಸಿಗುತ್ತವೆ. ಆದರೆ ಒಂದೇ ನೀರಿನ ಬಗ್ಗೆ ಎರಡೂ ಬೇರೆ ಬೇರೆ ಕಥೆ ಹೇಳುತ್ತವೆ.

ಆಲ್ಟಿಮೀಟರ್ ಅಳೆಯುವುದು ಎತ್ತರವನ್ನು. ಉಪಗ್ರಹದಿಂದ ಹೊರಟ ರೇಡಾರ್ ಸಿಗ್ನಲ್ ನೀರಿಗೆ ತಾಗಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನುವುದೇ ಲೆಕ್ಕ. 1992ರ ಟೋಪೆಕ್ಸ್-ಪೊಸೈಡನ್ ಉಪಗ್ರಹದಿಂದ ಇವತ್ತಿನ ಸೆಂಟಿನೆಲ್-6ರವರೆಗೆ ಸರಣಿ ಎಲ್ಲೂ ತುಂಡಾಗಿಲ್ಲ. 1,336 ಕಿ.ಮೀ. ಮೇಲಿನಿಂದ ಕೆಲವೇ ಸೆಂ.ಮೀ. ನಿಖರತೆ! ನಮ್ಮ ಕರಾವಳಿಯ ಋತುಮಾನ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್ ಹೊತ್ತಿಗೆ, ದಡದ ಹತ್ತಿರ ಮಟ್ಟ ತಗ್ಗಿರುತ್ತದೆ. ಚಳಿಗಾಲದಲ್ಲಿ ಏರುತ್ತದೆ. ದಡಕ್ಕೆ ತೀರಾ ಹತ್ತಿರ ಬಂದರೆ ಮಾತ್ರ ನೆಲದ ಪ್ರತಿಫಲನ ಸೇರಿ ಅಳತೆ ಕೆಡುತ್ತದೆ. ಅಲ್ಲಿಗೆ 2013ರಲ್ಲಿ ಇಸ್ರೋ ಹಾರಿಸಿದ ಸರಳ್ ಉಪಗ್ರಹದ ಡೇಟಾ ವಾಸಿ. ಅದರ ಕಾ-ಬ್ಯಾಂಡ್ (ಚಿಕ್ಕ ತರಂಗದ) ರೇಡಾರ್ ನೀರಿನ ಮೇಲೆ ನೋಡುವ ಜಾಗ ಚಿಕ್ಕದು. ಜೋರು ಮಳೆ ಬಂದರೆ ಮಾತ್ರ ಅದಕ್ಕೂ ಕಷ್ಟ.

ಇದೇ ಏರಿಳಿತವನ್ನು ಗ್ರೇಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇದು ಗ್ರೇಸ್‌ನ ತಪ್ಪಲ್ಲ. 2002ರಲ್ಲಿ ಹಾರಿದ ಈ ಜೋಡಿ ಉಪಗ್ರಹಗಳು ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೆ ಒಂದು ಓಡುತ್ತಾ, ನಡುವಿನ ದೂರದ ಸಣ್ಣ ಬದಲಾವಣೆಯಿಂದ ಕೆಳಗಿನ ದ್ರವ್ಯರಾಶಿಯನ್ನು ಗುರುತಿಸುತ್ತಿದ್ದವು. ನಮ್ಮ ಕರಾವಳಿಯ ಏರಿಳಿತವಾದರೋ ಹೆಚ್ಚಾಗಿ ನೀರು ಬಿಸಿಯಾಗಿ ಹಿಗ್ಗುವುದು, ಆಳದ ತಣ್ಣೀರು ಮೇಲೆ ಬರುವುದು ಇಂಥ ಕಾರಣಗಳಿಂದ ಆಗುವಂಥದ್ದು. ಎತ್ತರ ಬದಲಾದರೂ ತೂಕ ಅಷ್ಟಾಗಿ ಬದಲಾಗುವುದಿಲ್ಲ. ಅಲ್ಲದೆ ಗ್ರೇಸ್‌ಗೆ ಸುಮಾರು 300 ಕಿ.ಮೀ.ಗಿಂತ ಸಣ್ಣದು ಕಾಣುವುದಿಲ್ಲ. ಘಟ್ಟದ ಮೇಲೆ ಸುರಿದ ಮಳೆಯ ತೂಕವೂ ಸಮುದ್ರದ ಲೆಕ್ಕಕ್ಕೆ ಸೋರಿ ಬರುತ್ತದೆ. ಮ್ಯಾಸ್ಕಾನ್ ರೂಪದ (ಭೂಮಿಯನ್ನು ತುಂಡು ತುಂಡಾಗಿ ವಿಂಗಡಿಸಿ ಪ್ರತಿಯೊಂದರ ದ್ರವ್ಯರಾಶಿ ಲೆಕ್ಕ ಹಾಕಿದ) ಡೇಟಾದಲ್ಲಿ ಈ ಸೋರಿಕೆ ಕಡಿಮೆ, ಅದನ್ನೇ ತೆಗೆದುಕೊಳ್ಳಿ. ಇಡೀ ಭೂಮಿಯ ಲೆಕ್ಕಕ್ಕೆ ಬಂದರೆ ಗ್ರೇಸ್ ಇಲ್ಲದೆ ಆಗುವುದೇ ಇಲ್ಲ. ಏರಿಕೆಯಲ್ಲಿ ಕರಗಿದ ಹಿಮದ ಪಾಲೆಷ್ಟು, ಬಿಸಿ ನೀರಿನ ಪಾಲೆಷ್ಟು ಅಂತ ಬಿಡಿಸಿ ಹೇಳುವಾಗ ಹಿಮದ ಪಾಲು ಅದರಿಂದಲೇ ಬರಬೇಕು. 2017ರಲ್ಲಿ ಅದು ನಿಂತು, 2018ರಲ್ಲಿ ಅದರ ಉತ್ತರಾಧಿಕಾರಿ ಗ್ರೇಸ್-ಎಫ್‌ಒ ಬರುವವರೆಗಿನ ಖಾಲಿ ತಿಂಗಳುಗಳು ಗ್ರಾಫ್‌ನಲ್ಲಿ ಎದ್ದು ಕಾಣುತ್ತವೆ.

ಸಮುದ್ರದ ಪ್ರವಾಹಗಳ ವಿಷಯಕ್ಕೆ ನನ್ನ ಓಟು ಗೋಚೆಗೆ, ಅಂದರೆ ಗುರುತ್ವ ಅಳೆದ ಯುರೋಪಿನ ಉಪಗ್ರಹಕ್ಕೆ. ಸಮುದ್ರದ ಸರಾಸರಿ ಎತ್ತರದಿಂದ ಜಿಯಾಯ್ಡ್ ಕಳೆದರೆ ಉಳಿಯುವ ಇಳಿಜಾರೇ ಪ್ರವಾಹದ ಗುರುತು. ಜಿಯಾಯ್ಡ್ ಅಂದರೆ ನೀರು ಅಲುಗಾಡದೆ ನಿಂತಿದ್ದರೆ ಗುರುತ್ವ ಅದಕ್ಕೆ ಕೊಡುತ್ತಿದ್ದ ಆಕಾರ. ಶ್ರೀಲಂಕಾದ ದಕ್ಷಿಣಕ್ಕೆ ಅದು ಎಲಿಪ್ಸಾಯ್ಡ್‌ಗಿಂತ (ಭೂಮಿಯನ್ನು ಧ್ರುವಗಳಲ್ಲಿ ಚಪ್ಪಟೆಯಾದ ನಯವಾದ ಗೋಳ ಅಂದುಕೊಂಡ ಲೆಕ್ಕದ ಮೇಲ್ಮೈ) ನೂರು ಮೀಟರಿಗಿಂತ ಜಾಸ್ತಿ ಕೆಳಗಿದೆ. ನಮಗೆ ಬೇಕಾದ ಇಳಿಜಾರು ಮಾತ್ರ ಸೆಂಟಿಮೀಟರ್‌ಗಳ ಲೆಕ್ಕದ್ದು. ಅಟ್ಲಾಂಟಿಕ್‌ನ ಗಲ್ಫ್ ಸ್ಟ್ರೀಮ್ ಪ್ರವಾಹಕ್ಕೆ ಬರೀ ಗ್ರೇಸ್ ಜಿಯಾಯ್ಡ್ ಹಾಕಿದೆ, ಅಗಲವಾದ ನಿಧಾನದ ಪಟ್ಟಿ ಬಂತು. ಗೋಚೆ ಹಾಕಿದರೆ ಅದೇ ಪ್ರವಾಹ ಕಿರಿದಾಗಿ, ವೇಗವಾಗಿ ಮೂಡಿತು. 2009ರಿಂದ 2013ರವರೆಗೆ ಗೋಚೆ ಬರೀ 250 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಹಾರಿತು. ಅಷ್ಟು ಕೆಳಗಿದ್ದರಿಂದಲೇ 100 ಕಿ.ಮೀ. ಮಟ್ಟದ ವಿವರ ಸಿಕ್ಕಿತು.

ಸಮುದ್ರದ ಎತ್ತರದಿಂದ ಜಿಯಾಯ್ಡ್ ಕಳೆಯುವ ಮುನ್ನ ಎರಡೂ ಫೈಲುಗಳ ಎಲಿಪ್ಸಾಯ್ಡ್ ಒಂದೇನಾ ಅಂತ ನೋಡಿಕೊಳ್ಳಿ. ಟೋಪೆಕ್ಸ್‌ನದಕ್ಕೂ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84ಕ್ಕೂ ಸುಮಾರು 70 ಸೆಂ.ಮೀ. ವ್ಯತ್ಯಾಸ ಇದೆ. ಉಬ್ಬರದ ತಿದ್ದುಪಡಿಯನ್ನೂ ಎರಡರಲ್ಲೂ ಒಂದೇ ಬಗೆಗೆ ತಂದುಕೊಳ್ಳಿ.