ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ: ಒಳಗಿನ ಕೆಲಸ ಗಟ್ಟಿ, ಬಾಗಿಲು ಮಾತ್ರ ಕಿರಿದು

ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಐಸಿಟಿಸಿ’ ಎಂಬ ಫಲಕದ ಕೊಠಡಿಯೊಂದಿರುತ್ತದೆ. ಬಿಡಿಸಿ ಹೇಳಿದರೆ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಒಬ್ಬ ಆಪ್ತಸಮಾಲೋಚಕರು, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಬೀಗ ಹಾಕುವ ಒಂದು ಬೀರು, ಕಿಟ್ ಇಡಲು ಒಂದು ಫ್ರಿಜ್. ಇಷ್ಟರಲ್ಲೇ ಎಚ್‌ಐವಿ ಪರೀಕ್ಷೆಯನ್ನು ಉಚಿತವಾಗಿ ಮಾಡಿ, ಬಹುಪಾಲು ಅದೇ ದಿನ ವರದಿ ಕೊಡುತ್ತಾರೆ. ಪರೀಕ್ಷೆಯ ಗುಣಮಟ್ಟದ ಮಟ್ಟಿಗೆ ಹೇಳುವುದಾದರೆ, ಸಾಧಾರಣ ಖಾಸಗಿ ಲ್ಯಾಬಿಗಿಂತ ಇದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಕೊರತೆ ಇರುವುದು ಬೇರೆ ಕಡೆ.

ಮೊದಲು ಹೋಗುವ ಬಗೆ. ವೈದ್ಯರು ಕಳಿಸಲೇಬೇಕೆಂದಿಲ್ಲ, ನೀವಾಗಿಯೇ ಹೋಗಬಹುದು. ಉಪವಾಸ ಬೇಡ. ಆದರೆ ಬೆಳಿಗ್ಗೆಯೇ ಹೋಗಿ. ಟೆಕ್ನಿಷಿಯನ್ ಒಬ್ಬರೇ ಇರುವುದರಿಂದ ಮಧ್ಯಾಹ್ನದ ಮೇಲೆ ಕೊಟ್ಟ ರಕ್ತದ ವರದಿ ಮರುದಿನಕ್ಕೆ ಹೋಗುವುದು ಮಾಮೂಲು; ಅವರು ರಜೆಯಲ್ಲಿದ್ದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಕೂಲಿ ಬಿಟ್ಟು ಬಂದವರು ಆ ನಾಳೆಗೆ ಬರುವುದಿಲ್ಲ. 1097 ಸಹಾಯವಾಣಿಗೆ ಉಚಿತವಾಗಿ ಫೋನ್ ಮಾಡಿ ಹತ್ತಿರದ ಕೇಂದ್ರ ಎಲ್ಲಿದೆ ಎಂದು ಮೊದಲೇ ಕೇಳಿಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ.

ಒಳಗೆ ಹೋದ ಕೂಡಲೇ ಸೂಜಿ ಚುಚ್ಚುವುದಿಲ್ಲ. ಮೊದಲು ಆಪ್ತಸಮಾಲೋಚಕರ ಜೊತೆ ಮಾತು. ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ, ಫಲಿತಾಂಶ ಯಾವುದೇ ಬಂದರೂ ಮುಂದೇನು ಎಂಬುದನ್ನು ವಿವರಿಸಿ, ನಿಮ್ಮ ಒಪ್ಪಿಗೆ ಪಡೆಯುತ್ತಾರೆ. ಕೆಲವು ಪ್ರಶ್ನೆಗಳು ತೀರಾ ಖಾಸಗಿ ಅನ್ನಿಸುತ್ತವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಖಂಡಿತ ಸರಿಯಾದ ಉತ್ತರ ಕೊಡಿ: ಸೋಂಕು ತಗುಲಿರಬಹುದಾದ ಸಂದರ್ಭ ಕೊನೆಯದಾಗಿ ಯಾವಾಗ ಆಗಿತ್ತು? ವರದಿಯನ್ನು ಹೇಗೆ ಓದಬೇಕು ಎಂಬುದು ಈ ದಿನಾಂಕದ ಮೇಲೆ ನಿಂತಿದೆ. ರ್‍ಯಾಪಿಡ್ ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಕಿಟ್ಟಿಗೆ ಸಿಗುವಷ್ಟಾಗಲು ಕೆಲವು ವಾರ ಹಿಡಿಯುತ್ತದೆ, ಕೆಲವರಿಗೆ 3 ತಿಂಗಳು. ಹತ್ತು ದಿನದ ಹಿಂದಿನ ಸಂಪರ್ಕದ ಬಗ್ಗೆ ಭಯವಿದ್ದು ಇಂದು ನೆಗೆಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ. ಇನ್ನು 72 ಗಂಟೆ ದಾಟಿಲ್ಲದಿದ್ದರೆ ಪರೀಕ್ಷೆಗಿಂತ ಮೊದಲು ಕೇಳಬೇಕಾದದ್ದು ತಡೆ ಔಷಧಿಯನ್ನು: 28 ದಿನದ ಮಾತ್ರೆ, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಇದನ್ನು ಐಸಿಟಿಸಿ ತೆರೆಯುವವರೆಗೆ ಕಾಯದೆ ರಾತ್ರಿಯಾದರೂ ತುರ್ತು ವಿಭಾಗದಲ್ಲೇ ಕೇಳಬೇಕು.

ರಕ್ತ ತೆಗೆದ ಮೇಲಿನ ಕೆಲಸವೇ ಈ ಸೇವೆಯ ಜೀವಾಳ. ಮೊದಲ ಕಿಟ್ ನೆಗೆಟಿವ್ ಆದರೆ ಅಲ್ಲಿಗೆ ಮುಗಿಯಿತು, ವರದಿ ನೆಗೆಟಿವ್. ರಿಯಾಕ್ಟಿವ್, ಅಂದರೆ ಪ್ರತಿಕಾಯ ಇರುವ ಸೂಚನೆ, ಬಂದರೆ ಯಾರಿಗೂ ಏನೂ ಹೇಳುವುದಿಲ್ಲ. ಬೇರೆ ಪ್ರತಿಜನಕ (ಪ್ರತಿಕಾಯ ಹೋಗಿ ಅಂಟುವ ವೈರಸ್ಸಿನ ಭಾಗ) ಅಥವಾ ಬೇರೆ ತತ್ವದ ಮೇಲೆ ತಯಾರಾದ ಎರಡನೇ ಕಿಟ್, ಆಮೇಲೆ ಮೂರನೆಯದು. ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್. ಈ ಮೂರರ ಲೆಕ್ಕ ಏಕೆ ಎಂಬುದನ್ನು ಖಾಸಗಿ ಲ್ಯಾಬಿನ ಒಂದೇ ಸಾಲಿನ ವರದಿ ಹಿಡಿದು ಅಳುತ್ತಾ ಬರುವವರಿಗೆಲ್ಲ ಹೇಳಬೇಕಾಗುತ್ತದೆ. 10,000 ಸಾಮಾನ್ಯ ಜನರಲ್ಲಿ 20 ಮಂದಿಗೆ ಸೋಂಕಿದೆ ಎಂದುಕೊಳ್ಳಿ. ಸೋಂಕಿಲ್ಲದ ನೂರು ಜನರಲ್ಲಿ 99 ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುವ ಕಿಟ್ ಬಳಸಿದರೂ, ಉಳಿದ 9,980 ಮಂದಿಯಲ್ಲಿ ಸುಮಾರು 100 ಮಂದಿಗೆ ಸುಳ್ಳು ರಿಯಾಕ್ಟಿವ್ ಬರುತ್ತದೆ. ಅಂದರೆ ಮೊದಲ ಸುತ್ತಿನಲ್ಲಿ ಸಿಕ್ಕ 120 ಮಂದಿಯಲ್ಲಿ ಆರಕ್ಕೆ ಐವರು ಸೋಂಕೇ ಇಲ್ಲದವರು. ಎರಡನೇ ಕಿಟ್ ಆ ನೂರನ್ನು ಒಂದಕ್ಕೆ ಇಳಿಸುತ್ತದೆ, ಮೂರನೆಯದು ಹೆಚ್ಚುಕಡಿಮೆ ಸೊನ್ನೆಗೆ. ಎಲ್ಲರಿಗೂ ವಾಡಿಕೆಯಂತೆ ಪರೀಕ್ಷೆ ಮಾಡಬೇಕು ಎನ್ನುವವರು ಈ ಲೆಕ್ಕವನ್ನು ಮೊದಲು ಕಲಿಯಬೇಕು: ಪರೀಕ್ಷೆಗೆ ಬರುವವರಲ್ಲಿ ಸೋಂಕು ಅಪರೂಪವಾದಷ್ಟೂ ಮೊದಲ ಕಿಟ್ಟಿನ ಮಾತನ್ನು ನಂಬುವಂತಿಲ್ಲ.

ಮೂರರಲ್ಲಿ ಫಲಿತಾಂಶ ಹೊಂದದೆ ‘ಅನಿಶ್ಚಿತ’ ಎಂದು ಬರುವುದೂ ಉಂಟು. ಆಗ 2ರಿಂದ 4 ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು. ಇದನ್ನು ಬಾಯಿಮಾತಿನಲ್ಲಿ ‘ಆಮೇಲೆ ಬನ್ನಿ’ ಎಂದು ಬಿಡುವ ಕಡೆ ಜನ ಗಾಬರಿಯಾಗಿ ಊರೂರಿನ ಲ್ಯಾಬ್ ಸುತ್ತುತ್ತಾರೆ. ದಿನಾಂಕ ಬರೆಸಿಕೊಂಡೇ ಏಳಿ.

ಕೈಕೆಲಸದಲ್ಲಿ ತಪ್ಪಾಗುವ ಜಾಗಗಳು ಸಣ್ಣವು. ಫ್ರಿಜ್ಜಿನಿಂದ ತೆಗೆದ ಕಿಟ್ಟನ್ನು ಕೊಠಡಿಯ ಉಷ್ಣತೆಗೆ ಬರುವ ಮೊದಲೇ ಬಳಸುವುದು. ಬಫರ್ ದ್ರಾವಣದ ಹನಿಗಳನ್ನು ಎಣಿಸದೆ ಬಿಡುವುದು. ಕಿಟ್ಟಿನ ಸೂಚನೆಯಲ್ಲಿರುವ ಹೊತ್ತು ಮೀರಿದ ಮೇಲೆ ಓದುವುದು. ಒಣಗಿದ ಪಟ್ಟಿಯ ಮೇಲೆ ಮಸುಕು ಗೆರೆ ಮೂಡಿ ಸುಳ್ಳು ಹೇಳುತ್ತದೆ. ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಬರದಿದ್ದರೆ ಆ ಪರೀಕ್ಷೆ ನಡೆದೇ ಇಲ್ಲ ಎಂದು ಲೆಕ್ಕ, ಹೊಸ ಕಿಟ್ಟಿನಲ್ಲಿ ಮಾಡಬೇಕು. ಎಲ್ಲಕ್ಕಿಂತ ಕೆಟ್ಟದ್ದು ಟ್ಯೂಬಿನ ಮೇಲೆ ನಂಬರ್ ಅದಲುಬದಲಾಗುವುದು. ನಿಮ್ಮ ನಂಬರನ್ನು ನಿಮ್ಮೆದುರೇ ಟ್ಯೂಬಿಗೆ ಬರೆಯಲಿ. ಹಾಗೆ ಕೇಳಿದರೆ ಒಳ್ಳೆಯ ಟೆಕ್ನಿಷಿಯನ್ ಬೇಸರ ಮಾಡಿಕೊಳ್ಳುವುದಿಲ್ಲ.

ಖಾಸಗಿ ಲ್ಯಾಬಿನ ಪರವಾಗಿ ಒಂದು ಮಾತು ಹೇಳಲೇಬೇಕು. ದೊಡ್ಡ ಲ್ಯಾಬುಗಳ ನಾಲ್ಕನೇ ತಲೆಮಾರಿನ ಪರೀಕ್ಷೆ ಪ್ರತಿಕಾಯದ ಜೊತೆ ಪಿ24 ಎಂಬ ವೈರಸ್ಸಿನ ಪ್ರೊಟೀನನ್ನೂ ಹಿಡಿಯುವುದರಿಂದ ಸೋಂಕನ್ನು ಕೆಲವು ದಿನ ಮೊದಲೇ ಗುರುತಿಸುತ್ತದೆ. ಆದರೆ ವರದಿ ವಾಟ್ಸಾಪಿಗೆ ಬಂದು ಬೀಳುತ್ತದೆ, ಪಕ್ಕದಲ್ಲಿ ಮಾತಾಡುವವರು ಯಾರೂ ಇರುವುದಿಲ್ಲ. ಅಲ್ಲಿ ರಿಯಾಕ್ಟಿವ್ ಬಂದರೂ ಖಚಿತಪಡಿಸಿಕೊಳ್ಳಲು ಐಸಿಟಿಸಿಗೇ ಬನ್ನಿ. ಸೋಂಕಿದೆಯೇ ಎಂದು ತಿಳಿಯಲು ರಕ್ತದಾನಕ್ಕೆ ಹೋಗುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಸೋಂಕಿನ ಮೊದಲ ದಿನಗಳ ರಕ್ತ ಪರೀಕ್ಷೆಯ ಕಣ್ತಪ್ಪಿಸಿ ಇನ್ನೊಬ್ಬರ ಮೈ ಸೇರಬಹುದು.

ಇನ್ನು ಬಾಗಿಲಿನ ವಿಷಯ, ಅಂದರೆ ಪರೀಕ್ಷೆಯವರೆಗೆ ಯಾರು ಬರುತ್ತಾರೆ ಎಂಬುದು. ವಾಡಿಕೆಯ ಪರೀಕ್ಷೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿ ಇದೇ ಕೊಠಡಿಯಲ್ಲಿದೆ. ಬಸುರಿಯರಿಗೆ ಹಿಮೋಗ್ಲೋಬಿನ್, ರಕ್ತದ ಗುಂಪು, ಸಿಫಿಲಿಸ್ ಜೊತೆಗೆ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಎಲ್ಲರಿಗೂ ಮಾಡುವುದರಿಂದ ‘ಇವಳಿಗೇಕೆ?’ ಎಂದು ಯಾರೂ ಕೇಳುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಸಕಾಲಕ್ಕೆ ಗೊತ್ತಾಗಿ ಮಾತ್ರೆ ಶುರುವಾದರೆ 5ಕ್ಕಿಂತ ಕಡಿಮೆ. ಕ್ಷಯ ರೋಗಿಗಳಿಗೂ ಹೀಗೆಯೇ ಪರೀಕ್ಷೆಯ ಸಲಹೆ ಕೊಡುತ್ತಾರೆ.

ಗಂಡಸಿಗೆ ಇಂಥ ಬಾಗಿಲೇ ಇಲ್ಲ. ಕ್ಷಯವೋ ಲೈಂಗಿಕ ರೋಗವೋ ಬರುವವರೆಗೆ, ಇಲ್ಲವೇ ಆಪರೇಷನ್ ಟೇಬಲ್ ತಲುಪುವವರೆಗೆ ಆರೋಗ್ಯವಾಗಿರುವ ಗಂಡಸನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಗೊತ್ತಾಗುವುದು ಬಸುರಿ ಹೆಂಡತಿಯ ರಕ್ತದಲ್ಲಿ, ಮೊದಲು ಗೊತ್ತಾದವಳೇ ತಂದವಳು ಎಂಬ ಆರೋಪ ಅವಳ ತಲೆಗೆ. ಈ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ ಇದು. ತಾಯಿ ಕಾರ್ಡ್ ಮಾಡಿಸಲು ಬಂದ ದಿನವೇ ಗಂಡನಿಗೂ ಪರೀಕ್ಷೆಯ ಸಲಹೆ ಕೊಟ್ಟು, ಇಬ್ಬರ ರಕ್ತವನ್ನೂ ಒಟ್ಟಿಗೆ ತೆಗೆಯುವ ಕೇಂದ್ರಗಳು ಈ ಗಾಯವನ್ನು ಎಷ್ಟೋ ತಗ್ಗಿಸುತ್ತವೆ. ಬಿಪಿ, ಶುಗರ್ ನೋಡುವ ಕೊಠಡಿಯಲ್ಲೂ ಇದೇ ಪ್ರಶ್ನೆ ಕೇಳಬಹುದು. ಬೋಟ್ಸ್ವಾನಾ 2004ರಲ್ಲೇ ಆಸ್ಪತ್ರೆಗೆ ಬಂದವರಿಗೆ ವಾಡಿಕೆಯ ಪರೀಕ್ಷೆ ಶುರುಮಾಡಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2006ರಲ್ಲಿ 13ರಿಂದ 64 ವರ್ಷದವರಿಗೆಲ್ಲ ಅದನ್ನೇ ಶಿಫಾರಸು ಮಾಡಿತು. ಎರಡು ಕಡೆಯೂ ಬೇಡ ಎನ್ನುವ ಹಕ್ಕು ರೋಗಿಯದೇ.

ಆ ಹಕ್ಕು ಇಲ್ಲಿ ಕಾನೂನಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಕೆಲಸ ಕೊಡಲು ಎಚ್‌ಐವಿ ವರದಿ ಕೇಳುವಂತಿಲ್ಲ. ಆಪರೇಷನ್ನಿಗೆ ಮೊದಲು ಹತ್ತು ಪರೀಕ್ಷೆಗಳ ನಡುವೆ ಸದ್ದಿಲ್ಲದೆ ಎಚ್‌ಐವಿಯನ್ನೂ ತೂರಿಸಿ, ಪಾಸಿಟಿವ್ ಬಂದಾಗ ದಿನಾಂಕ ಮುಂದೂಡುವ ಆಸ್ಪತ್ರೆಗಳು ಮಾಡುತ್ತಿರುವುದು ವಾಡಿಕೆಯ ಪರೀಕ್ಷೆಯಲ್ಲ, ಜನರನ್ನು ಸೋಸಿ ಹೊರಗಿಡುವ ಕೆಲಸ.

ಗೌಪ್ಯತೆಯಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಬಹಳ ವ್ಯತ್ಯಾಸವಿದೆ. ಒಳಗೆ ದಾಖಲೆ ಬೀಗದಲ್ಲಿರುತ್ತದೆ, ಆದರೆ ಹೊರಗೆ ಬೆಂಚಿನ ಮೇಲೆ ಕೂತವರ ಮುಂದೆಯೇ ಅಟೆಂಡರ್ ‘ಎಚ್‌ಐವಿ ರೂಮಾ? ಆ ಕಡೆ’ ಎಂದು ಕೂಗಿದರೆ ಬೀಗಕ್ಕೆ ಬೆಲೆಯೇನು? ಮಾತಾಡುವಾಗ ಬಾಗಿಲು ತೆರೆದಿದ್ದರೆ ಮುಚ್ಚಿ ಎಂದು ಹೇಳಿ.

ಪಾಸಿಟಿವ್ ಬಂದವರನ್ನು ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. 2017ರಿಂದ ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಎಷ್ಟೇ ಇರಲಿ, ಎಲ್ಲರಿಗೂ ಉಚಿತ ಚಿಕಿತ್ಸೆ ಆರಂಭಿಸುವುದೇ ನಿಯಮ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಜನ ಕಳೆದುಹೋಗುವುದು ಈ ಎರಡು ಕಟ್ಟಡಗಳ ನಡುವೆ, ಅದರಲ್ಲೂ ಎಆರ್‌ಟಿ ಕೇಂದ್ರ ಬೇರೆ ಊರಿನಲ್ಲಿದ್ದಾಗ. ಒಳ್ಳೆಯ ಆಪ್ತಸಮಾಲೋಚಕರು ಬರೀ ಚೀಟಿ ಕೊಟ್ಟು ಕಳಿಸುವುದಿಲ್ಲ. ಅಲ್ಲಿಯವರಿಗೆ ಫೋನ್ ಮಾಡಿ, ಯಾರನ್ನು ಯಾವ ದಿನ ಕಾಣಬೇಕೆಂದು ಬರೆದುಕೊಟ್ಟು, ಹೋದಿರಾ ಎಂದು ಮತ್ತೆ ವಿಚಾರಿಸುತ್ತಾರೆ. ನಿಮಗೆ ಸಿಕ್ಕಿದ್ದು ಬರೀ ಚೀಟಿಯಾದರೆ ಏಳುವ ಮೊದಲು ಮೂರನ್ನು ಕೇಳಿ ಬರೆದುಕೊಳ್ಳಿ: ಎಆರ್‌ಟಿ ಕೇಂದ್ರದ ಫೋನ್ ನಂಬರ್, ಅದು ತೆರೆದಿರುವ ವೇಳೆ, ಮೊದಲ ಭೇಟಿಗೆ ಒಯ್ಯಬೇಕಾದ ಕಾಗದಗಳು.